ಗಾಳಿಯ ನಡೆಯನ್ನರಿತ ಸತೀಶ್ ಧವನ್

ಹೊಳೆಯ ನಡುವಣ ಬಂಡೆಯನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಮುಂದೆ ನೀರು ನಯವಾಗಿ ಇಬ್ಭಾಗವಾಗುತ್ತದೆ. ಹಿಂದೆ ಸುಳಿಸುಳಿಯಾಗಿ ತಿರುಗುತ್ತದೆ. ಗಾಳಿಯ ಸ್ವಭಾವವೂ ಇಂತಹುದೇ. ವೇಗವಾಗಿ ಚಲಿಸುವ ವಸ್ತುವಿನ ಮೈಗೆ ಅಂಟಿ ಹರಿಯುವ ಗಾಳಿಯ ತೆಳುಪದರವು ಮೈಯನ್ನು ಬಿಟ್ಟು ಅಗಲಿತೆಂದರೆ ಹಿಂದೆ ಸುಳಿಗಳೆದ್ದು ವಸ್ತುವನ್ನು ಹಿಂದಕ್ಕೆಳೆಯುತ್ತವೆ. ಈ ಪದರದ ಅಧ್ಯಯನದಲ್ಲಿ ಕೀರ್ತಿ ಪಡೆದ ಮಹನೀಯರೇ ಪ್ರೊಫೆಸರ್ ಸತೀಶ್ ಧವನ್.

ಅವರು ೧೯೨೦ನೆಯ ಸೆಪ್ಟೆಂಬರ್ ೨೫ರಂದು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಓದಿದರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನೂ, ಯಂತ್ರಶಿಲ್ಪದಲ್ಲಿ ಬಿ.ಇ. ಪದವಿಯನ್ನೂ ಪಡೆದರು. ಬಳಿಕ ಅಮೆರಿಕಕ್ಕೆ ತೆರಳಿ, ಕ್ಯಾಲಿಫೋರ್ನಿಯದಲ್ಲಿ ಹರಿಯುವ ಗಾಳಿಯು ಮೈಯ ಮೇಲೆ ಉಂಟುಮಾಡುವ ಘರ್ಷಣೆಯನ್ನು ನೇರವಾಗಿ ಅಳೆದು, ೧೯೫೧ರಲ್ಲಿ ಡಾಕ್ಟರೇಟ್ ಗಳಿಸಿದರು. ಅದೇ ವರ್ಷ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ದೇಶದ ಮೊದಲ ಶಬ್ದಾತೀತ ವೇಗದ ಗಾಳಿಸುರಂಗವನ್ನು ಇಲ್ಲಿಯೇ ಕಟ್ಟಿಸಿದರು.

ಧವನರು ಪಂದ್ಯದ ಕಾರುಗಳನ್ನು ಮಾಡಿದವರಲ್ಲ. ಆದರೆ ಅವರು ಕಲಿಸಿದ ಶಾಸ್ತ್ರವೇ ಆ ಕಾರುಗಳ ರೂಪವನ್ನೂ ಆಳುತ್ತದೆ. ಹೊದಿಕೆಯಿಲ್ಲದೆ ಉರುಳುವ ಅಗಲವಾದ ಹಿಂದಿನ ಚಕ್ರಗಳು ಗಾಳಿಯನ್ನು ಬಹಳವಾಗಿ ಕಲಕುತ್ತವೆ. ಆದುದರಿಂದ ಚಕ್ರಗಳ ಬಳಿ ಕಾರಿನ ಮೈಯನ್ನು ಸೀಸೆಯ ಕತ್ತಿನಂತೆ ಒಳಕ್ಕೆ ಕಿರಿದುಗೊಳಿಸುತ್ತಾರೆ. ಗಾಳಿಯು ಚಕ್ರಗಳ ನಡುವಣ ಎಡೆಯಲ್ಲಿ ನಯವಾಗಿ ಸಾಗಿ, ಕಾರಿನಡಿಯ ಗಾಳಿಯೂ ಸುಲಭವಾಗಿ ಹೊರಬರಲು ನೆರವಾಗುತ್ತದೆ. ಇದರಿಂದ ಕಾರು ನೆಲವನ್ನು ಭದ್ರವಾಗಿ ಹಿಡಿದು ಓಡುತ್ತದೆ. ಮೈಯನ್ನು ಥಟ್ಟನೆ ಬಾಗಿಸಿದರೆ ಗಾಳಿಯು ಅಗಲಿ ಶ್ರಮವೆಲ್ಲ ವ್ಯರ್ಥವಾಗುವುದು.

ಇದೇ ಶಾಸ್ತ್ರವು ರಾಕೆಟ್ಟಿಗೂ ಬೇಕು. ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಊರಿನಿಂದ ೧೯೬೩ರಲ್ಲಿ ನಮ್ಮ ನಾಡಿನ ಬಾಹ್ಯಾಕಾಶ ಕಾರ್ಯಕ್ರಮದ ಮೊದಲ ರಾಕೆಟ್ಟು ಮೇಲೇರಿತ್ತು. ಆ ಕಾರ್ಯದ ಪಿತಾಮಹರಾದ ವಿಕ್ರಮ್ ಸಾರಾಭಾಯಿ ೧೯೭೧ರಲ್ಲಿ ಅಲ್ಲಿಗೆ ಸಮೀಪದ ಕೋವಳಂನಲ್ಲಿ ಅಕಾಲ ಮರಣಕ್ಕೀಡಾದರು. ೧೯೭೨ರಲ್ಲಿ ಆ ಹೊಣೆಯು ಧವನರ ಹೆಗಲೇರಿತು. ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದುಕೊಂಡೇ ಅವರು ಅದನ್ನು ಹೊತ್ತರು.

ತಿರುವನಂತಪುರದಲ್ಲಿ ರೂಪುಗೊಂಡ ಎಸ್.ಎಲ್.ವಿ.-೩ ರಾಕೆಟ್ಟು ೧೯೭೯ನೆಯ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹಾರಿ ಸಮುದ್ರದ ಪಾಲಾಯಿತು. ಯೋಜನೆಯ ನಾಯಕರಾದ ಅಬ್ದುಲ್ ಕಲಾಂ ಕುಗ್ಗಿಹೋದರು. ಆಗ ಧವನರು ತಾವೇ ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆ ಹೊತ್ತರು. ೧೯೮೦ನೆಯ ಜುಲೈ ೧೮ರಂದು ರೋಹಿಣಿ ಉಪಗ್ರಹವು ಕಕ್ಷೆಯನ್ನು ಸೇರಿದಾಗಲಾದರೋ, ಪತ್ರಕರ್ತರೊಡನೆ ಮಾತನಾಡುವ ಗೌರವವನ್ನು ಕಲಾಂ ಅವರಿಗೇ ಬಿಟ್ಟುಕೊಟ್ಟರು. ಈ ಸಂಗತಿಯನ್ನು ಕಲಾಂ ಅವರೇ ಮುಂದೆ ಅನೇಕ ಬಾರಿ ಕೃತಜ್ಞತೆಯಿಂದ ಸ್ಮರಿಸಿದರು.

ಧವನರು ೨೦೦೨ನೆಯ ಜನವರಿ ೩ರಂದು ಬೆಂಗಳೂರಿನಲ್ಲಿ ದಿವಂಗತರಾದರು. ಶ್ರೀಹರಿಕೋಟೆಯ ಬಾಹ್ಯಾಕಾಶ ಕೇಂದ್ರವು ಇಂದು ಅವರ ಹೆಸರನ್ನು ಹೊತ್ತಿದೆ. ನಾವು ಗಣಿತದ ಒಂದು ಲೆಕ್ಕದಲ್ಲಿ ಸೋತಾಗಲೂ, ಆಟದ ತಂಡಕ್ಕೆ ಮುಂದಾಳಾದಾಗಲೂ ಈ ಮಹನೀಯರನ್ನು ನೆನೆಯೋಣ. ಸೋಲಿನ ದಿನ ಮುಂದೆ ನಿಲ್ಲುವ, ಗೆಲುವಿನ ದಿನ ಹಿಂದೆ ಸರಿಯುವ ಗುಣವನ್ನು ನಾವೂ ಕಲಿಯೋಣ.