ಯುದ್ಧಭೂಮಿಯಲ್ಲಿ ಖಗೋಳ ವಿಜ್ಞಾನಿ

ಕಾರ್ಲ್ ಷ್ವಾರ್ಟ್ಸ್‌ಷೀಲ್ಡನು 1873ರ ಅಕ್ಟೋಬರ್ 9ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದನು. ಆರು ಮಂದಿ ಮಕ್ಕಳಲ್ಲಿ ಅವನೇ ಹಿರಿಯನು. ಹದಿನಾರರ ಹರೆಯದಲ್ಲಿಯೇ ಅವನು ಆಕಾಶಕಾಯಗಳ ಕಕ್ಷೆಗಳನ್ನು ಕುರಿತು ಬರೆದ ಲೇಖನಗಳು ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾದವು. 1896ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದ ಬಳಿಕ ವಿಯೆನ್ನಾದ ವೀಕ್ಷಣಾಲಯವನ್ನು ಸೇರಿ, ಛಾಯಾಚಿತ್ರ ಫಲಕಗಳ ನೆರವಿನಿಂದ ನಕ್ಷತ್ರಗಳ ಕಾಂತಿಯನ್ನು ಅಳೆಯುವುದರಲ್ಲಿ ನಿರತನಾದನು. 1901ರಲ್ಲಿ ಗಟಿಂಗೆನ್ನಿನ ಪ್ರಾಧ್ಯಾಪಕ ಪದವಿಯೂ 1909ರಲ್ಲಿ ಪಾಟ್ಸ್‌ಡಾಮ್ ವೀಕ್ಷಣಾಲಯದ ನಿರ್ದೇಶಕತ್ವವೂ ಅವನನ್ನು ಅರಸಿ ಬಂದವು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ನಲವತ್ತರ ವಯಸ್ಸನ್ನು ದಾಟಿದ್ದರೂ ಕಾರ್ಲನು ಸ್ವಇಚ್ಛೆಯಿಂದ ಸೇನೆಗೆ ಸೇರಿದನು. ಬೆಲ್ಜಿಯಮ್ಮಿನಲ್ಲಿ ಹವಾಮಾನದ ವೀಕ್ಷಣೆ, ಅನಂತರ ಫಿರಂಗಿ ಗುಂಡುಗಳ ಪಥದ ಲೆಕ್ಕಾಚಾರ ಅವನ ಪಾಲಿಗೆ ಬಂದವು. ಆಗಲೇ ಮೈಮೇಲೆ ಬೊಬ್ಬೆಗಳೇಳುವ, ಆ ಕಾಲದಲ್ಲಿ ಮದ್ದಿಲ್ಲದ ಚರ್ಮರೋಗವೊಂದು ಅವನನ್ನು ಹಿಡಿಯಿತು.

1915ರ ನವೆಂಬರಿನಲ್ಲಿ ಐನ್‌ಸ್ಟೈನನು ಗುರುತ್ವಾಕರ್ಷಣೆಯ ಹೊಸ ಸಮೀಕರಣಗಳನ್ನು ಪ್ರಕಟಿಸಿದನು. ಅವು ಎಷ್ಟು ಜಟಿಲವಾಗಿದ್ದವೆಂದರೆ, ಅವನೇ ಅಂದಾಜಿನ ಉತ್ತರದಿಂದ ತೃಪ್ತನಾಗಬೇಕಾಗಿತ್ತು. ಆದರೆ ಕೆಲವೇ ವಾರಗಳಲ್ಲಿ ಕಾರ್ಲನು ಗೋಲಾಕಾರದ ಕಾಯದ ಸುತ್ತಲಿನ ಆಕರ್ಷಣೆಗೆ ನಿಖರವಾದ ಉತ್ತರವನ್ನು ಕಂಡುಹಿಡಿದು, ಯುದ್ಧರಂಗದಿಂದಲೇ ಐನ್‌ಸ್ಟೈನನಿಗೆ ಬರೆದು ಕಳುಹಿಸಿದನು. 1916ರ ಜನವರಿಯಲ್ಲಿ ಐನ್‌ಸ್ಟೈನನು ಅದನ್ನು ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ರೋಗವು ಉಲ್ಬಣಿಸಿ ಕಾರ್ಲನು ಮನೆಗೆ ಮರಳಿದನು; ಆ ವರ್ಷದ ಮೇ 11ರಂದು, ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅವನ ಗಣಿತದಲ್ಲಿ ಒಂದು ವಿಚಿತ್ರವಾದ ಎಲ್ಲೆ ಅಡಗಿತ್ತು. ಯಾವುದೇ ಕಾಯವನ್ನು ಒಂದು ನಿರ್ದಿಷ್ಟ ತ್ರಿಜ್ಯದೊಳಕ್ಕೆ ಕುಗ್ಗಿಸಿದರೆ ಬೆಳಕು ಕೂಡ ಅದರಿಂದ ಹೊರಬರಲಾರದು. ಸೂರ್ಯನಿಗೆ ಆ ತ್ರಿಜ್ಯ ಸುಮಾರು 3 ಕಿಲೋಮೀಟರ್. ಭೂಮಿಗೆ ಕೇವಲ 9 ಮಿಲಿಮೀಟರ್. ಇಂತಹ ಕಾಯವು ನಿಜವಾಗಿ ಇರಬಹುದೆಂದು ಆಗ ಯಾರೂ ನಂಬಿರಲಿಲ್ಲ.

ಅರ್ಧ ಶತಮಾನದ ತರುವಾಯ ಆ ಎಲ್ಲೆಗೆ ಅರ್ಥ ಬಂದಿತು. ನಕ್ಷತ್ರದಂತೆ ತೋರುತ್ತಿದ್ದ ಒಂದು ಚುಕ್ಕೆಯು ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ದೂರದಲ್ಲಿದೆಯೆಂದು 1963ರಲ್ಲಿ ಮಾರ್ಟೆನ್ ಸ್ಮಿಟ್ ತೋರಿಸಿದನು. ಅದು ಇಡೀ ಗೆಲಾಕ್ಸಿಗಿಂತ ಹೆಚ್ಚು ಪ್ರಜ್ವಲಿಸುವ ಕ್ವೇಸಾರ್ ಆಗಿತ್ತು. ಗೆಲಾಕ್ಸಿಯ ನಡುವಣ ಬೃಹತ್ ಕೃಷ್ಣವಿವರದೊಳಕ್ಕೆ ಸುಳಿಸುತ್ತಿ ಬೀಳುವ ಅನಿಲವು ಕಾದು ಬೆಳಗುವುದೇ ಈ ಪ್ರಭೆಯ ಮೂಲ. ಈ ಶಕ್ತಿಯು ಸುತ್ತಲಿನ ಅನಿಲವನ್ನು ಕಾಯಿಸಿ ಹೊರದಬ್ಬಿದಾಗ ಹೊಸ ನಕ್ಷತ್ರಗಳ ಹುಟ್ಟು ಕುಂದುತ್ತದೆ. ಹೀಗೆ ಕೃಷ್ಣವಿವರವು ತಾನಿರುವ ಗೆಲಾಕ್ಸಿಯ ಬೆಳವಣಿಗೆಗೇ ಕಡಿವಾಣ ಹಾಕಬಲ್ಲದು.

2019ರಲ್ಲಿ ಎಂ 87 ಗೆಲಾಕ್ಸಿಯ ಕೃಷ್ಣವಿವರದ ನೆರಳಿನ ಚಿತ್ರವು ಪ್ರಕಟವಾಯಿತು. ಅದರ ರಾಶಿ ಸುಮಾರು 650 ಕೋಟಿ ಸೂರ್ಯರಷ್ಟು. ಅದರ ಗಾತ್ರವನ್ನು ಅಳೆಯಲು ಇಂದಿಗೂ ವಿಜ್ಞಾನಿಗಳು ಬಳಸುವುದು ಷ್ವಾರ್ಟ್ಸ್‌ಷೀಲ್ಡನ ಹೆಸರನ್ನು ಹೊತ್ತ ತ್ರಿಜ್ಯವನ್ನೇ.