ಕಡತದಲ್ಲಿ ವೆಂಕಟೇಶ ಅಯ್ಯಂಗಾರ್, ಕಥೆಯಲ್ಲಿ ಶ್ರೀನಿವಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಹಿರಿಯರೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ಕಡತ ನೋಡಿದವನು ನಾನು. ಆ ವರ್ಷಗಳಲ್ಲಿ ಅತಿ ಹೆಚ್ಚು ನನ್ನ ಕಿವಿಗೆ ಬಿದ್ದ ಮಾತು ಪುರಸೊತ್ತಿಲ್ಲ ಎಂಬುದು. ಹಾಗಾಗಿ, ಕಂದಾಯದ ಕೆಲಸವನ್ನೇ ನನಗಿಂತ ಬಹಳ ಮೇಲಿನ ಹುದ್ದೆಯಲ್ಲಿ ಮಾಡುತ್ತಲೇ ಕನ್ನಡದ ಸಣ್ಣಕಥೆಗೆ ರೂಪ ಕೊಟ್ಟ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಆರಿಸಿಕೊಂಡೆ. ಮಾಸ್ತಿ, ಆಸ್ತಿ ಎಂಬ ಪ್ರಾಸ ಎಲ್ಲರಿಗೂ ಬಾಯಿಪಾಠವಾಗಿದೆ. ಆ ಆಸ್ತಿಯನ್ನು ಅವರು ದಿನದ ಯಾವ ಹೊತ್ತಿನಲ್ಲಿ ಗಳಿಸಿದರು ಎಂಬುದು ನನ್ನ ಕುತೂಹಲ.

ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ. ಮನೆಮಾತು ತಮಿಳು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬಂಧುಗಳ ಆಸರೆಯಲ್ಲಿ, ವಿದ್ಯಾರ್ಥಿವೇತನದ ಬಲದಿಂದ ಓದಿದ ಹುಡುಗ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ 1914ರಲ್ಲಿ ಎಂ.ಎ. ಪದವಿ ಪಡೆದರು. ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ ಅಸಿಸ್ಟೆಂಟ್ ಕಮಿಷನರ್ ಆದರು. ಅಷ್ಟರಲ್ಲಾಗಲೇ ಅವರು ಕಥೆ ಬರೆಯತೊಡಗಿದ್ದರು. ‘ರಂಗನ ಮದುವೆ’ 1910ರದು, ಅಂದರೆ ಹತ್ತೊಂಬತ್ತರ ಹರೆಯದ್ದು. ನೌಕರಿ ಸಿಕ್ಕಿದ ಕೂಡಲೇ ಬರವಣಿಗೆಯನ್ನು ಮೂಲೆಗಿಡಲು ಅವರಿಗೆ ಬೇಕಾದಷ್ಟು ಕಾರಣಗಳಿದ್ದವು. ಸಂಸಾರ ಸಾಗಬೇಕು, ಹುದ್ದೆ ಹೊಸದು, ಮೇಲಿನವರ ಕಣ್ಣು ತಮ್ಮ ಮೇಲಿದೆ.

ಆ ಕಾಲದ ಅಸಿಸ್ಟೆಂಟ್ ಕಮಿಷನರ ಕೆಲಸ ಎಂಥದೆಂದು ಇಂದಿನ ಮಕ್ಕಳಿಗೆ ಸ್ವಲ್ಪ ಹೇಳಬೇಕು. ಕಂದಾಯ ವಸೂಲಿ, ಜಮಾಬಂದಿ, ಜಮೀನಿನ ತಕರಾರು, ಮ್ಯಾಜಿಸ್ಟ್ರೇಟರ ಅಧಿಕಾರ, ಬರ ಬಂದರೆ ಪರಿಹಾರದ ಕಾಮಗಾರಿ, ಎಲ್ಲವೂ ಒಬ್ಬರ ತಲೆಯ ಮೇಲೆ. ತಿಂಗಳಲ್ಲಿ ಅನೇಕ ದಿನ ಊರೂರು ತಿರುಗುವ ಕ್ಯಾಂಪು. ಸಂಜೆ ಮುಸಾಫರಿ ಬಂಗಲೆಯ ಜಗುಲಿಯ ಮೇಲೆ ಲಾಟೀನಿನ ಬೆಳಕು, ಎದುರಿಗೆ ಅರ್ಜಿ ಹಿಡಿದು ನಿಂತ ರೈತರು. ಈ ಕೆಲಸವನ್ನು ಮಾಸ್ತಿಯವರು ಮೈಸೂರು ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮಾಡಿದರು, ಮುಂದೆ ಡೆಪ್ಯುಟಿ ಕಮಿಷನರೂ ಆದರು. ಅವರ ಮೊದಲ ಕಥಾಸಂಗ್ರಹ ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ ಬಂತು. ಸಂಗೀತಗಾರನೊಬ್ಬನ ಬಾಳನ್ನು ಹೇಳುವ ‘ಸುಬ್ಬಣ್ಣ’ 1928ರದು. ಇವೆರಡೂ ಕಚೇರಿಗೆ ಹೋಗಿ ಬರುತ್ತಿದ್ದ ಮನುಷ್ಯನ ಪುಸ್ತಕಗಳು.

ಇಲ್ಲಿ ಒಂದು ಸಣ್ಣ ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸರ್ಕಾರಿ ಕಾಗದಗಳಲ್ಲಿ ಅವರು ಎಂ. ವೆಂಕಟೇಶ ಅಯ್ಯಂಗಾರ್. ಕಥೆ, ಕವನಗಳ ಕೆಳಗೆ ಶ್ರೀನಿವಾಸ. ಕಾವ್ಯನಾಮ ಇಟ್ಟುಕೊಳ್ಳುವುದು ಆಗಿನ ರೂಢಿ, ಅದರಲ್ಲೇನು ವಿಶೇಷ ಎಂದು ಯಾರಾದರೂ ಕೇಳಬಹುದು. ರೂಢಿ ನಿಜ. ಆದರೆ ಎರಡು ರುಜು ಇದ್ದರೆ ಎರಡು ಮೇಜೂ ಇರುತ್ತವೆ ಎಂದು ನನ್ನ ಅನುಭವ ಹೇಳುತ್ತದೆ. ಒಂದರ ಮೇಲಿನ ಕಾಗದ ಇನ್ನೊಂದಕ್ಕೆ ಹಾರಬಾರದು. ಅಧಿಕಾರಿಯ ಗತ್ತು ಶ್ರೀನಿವಾಸರ ಕಥೆಗಳಲ್ಲಿ ಎಲ್ಲಿಯೂ ಇಣುಕುವುದಿಲ್ಲ. ‘ಮೊಸರಿನ ಮಂಗಮ್ಮ’ ಕಥೆಯನ್ನು ಹೇಳುವವಳು ಮಂಗಮ್ಮನಿಂದ ಮೊಸರು ಕೊಳ್ಳುವ ಮನೆಯ ಗೃಹಿಣಿ. ಅವಳು ಹೇಳುತ್ತಿರುವಾಗ ಹಿಂದೆ ಒಬ್ಬ ದೊಡ್ಡ ಅಧಿಕಾರಿ ಕುಳಿತಿದ್ದಾರೆ ಎಂದು ಓದುಗನಿಗೆ ಹೊಳೆಯುವುದೇ ಇಲ್ಲ. ಅವರ ಎಷ್ಟೋ ಕಥೆಗಳು ಯಾರೋ ಹೇಳಿದ್ದನ್ನು ಕೇಳಿಸಿಕೊಂಡ ರೀತಿಯಲ್ಲೇ ಸಾಗುತ್ತವೆ. ಕೇಳಿಸಿಕೊಳ್ಳುವ ಈ ಅಭ್ಯಾಸಕ್ಕೆ ಕ್ಯಾಂಪಿನ ಸಂಜೆಗಳ ಋಣ ಇರಲೇಬೇಕೆಂದು ನಾನು ನಂಬಿದ್ದೇನೆ. ಅರ್ಜಿ ಹಿಡಿದು ಬಂದವನ ಮಾತನ್ನು ಕೊನೆಯವರೆಗೆ ಕೇಳುವ ಅಧಿಕಾರಿಗಳು ಆಗಲೂ ಕಡಿಮೆ, ಈಗಲೂ ಕಡಿಮೆ.

1929ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ವಯಸ್ಸು ಮೂವತ್ತೆಂಟು, ಇನ್ನೂ ಸೇವೆಯಲ್ಲಿದ್ದವರು. ಅದರ ಬೆನ್ನಿಗೇ ಅವರ ಮೇಲೆ ಬಿದ್ದ ಸರ್ಕಾರಿ ಕೆಲಸ 1931ರ ಜನಗಣತಿ. ಆಗಿನ ಗಣತಿ ಒಂದೇ ರಾತ್ರಿಯ ಲೆಕ್ಕ. ಆ ಸಲ ಫೆಬ್ರವರಿ 26ರ ರಾತ್ರಿ. ಸಂಸ್ಥಾನದ 65 ಲಕ್ಷಕ್ಕೂ ಹೆಚ್ಚು ಜನರನ್ನು ಎಣಿಸಿ, ವರ್ಗೀಕರಿಸಿ, ಇಂಗ್ಲಿಷಿನಲ್ಲಿ ವರದಿ ಬರೆಯುವ ಹೊಣೆ ಅವರದಾಗಿತ್ತು. ನಾನು ಮೂರು ಜನಗಣತಿಗಳಲ್ಲಿ ಕೆಳಮಟ್ಟದಲ್ಲಿ ದುಡಿದಿದ್ದೇನೆ. ಅದು ಮನುಷ್ಯನ ಊಟ ನಿದ್ದೆಗಳನ್ನು ಹೇಗೆ ನುಂಗುತ್ತದೆ ಎಂದು ಬಲ್ಲೆ. ಅಂಥ ಕಚೇರಿಗೆ ಕೆಲಸ ಅರಸಿ ಬಂದು ಸೇರಿದ ತರುಣರಲ್ಲಿ ಜಿ.ಪಿ. ರಾಜರತ್ನಂ ಒಬ್ಬರು. ಆ ತರುಣನ ಕೈ ಅಂಕಿಗಳಿಗಿಂತ ಅಕ್ಷರಕ್ಕೆ ಹೆಚ್ಚು ಒಗ್ಗುತ್ತದೆ ಎಂದು ಕಂಡುಕೊಂಡು, ಅವರನ್ನು ಕನ್ನಡದ ಕೆಲಸಕ್ಕೆ ಹುರಿದುಂಬಿಸಿದವರು ಮಾಸ್ತಿ. ರಾಜರತ್ನಂ ಕುಡುಕನೊಬ್ಬನ ಬಾಯಲ್ಲಿ ರತ್ನನ ಪದಗಳನ್ನು ಹಾಡಿಸಿದರು. ಹುರಿದುಂಬಿಸಿದವರು ಮುಂದೆ ಅಬಕಾರಿ ಕಮಿಷನರಾದರು! ಎರಡನ್ನೂ ಒಟ್ಟಿಗೆ ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ.

ಹಾಗಾದರೆ ಅವರು ದಿನವೆಲ್ಲ ಒಂದಲ್ಲ ಒಂದು ಕೆಲಸಕ್ಕೆ ತಮ್ಮನ್ನು ಕಟ್ಟಿಹಾಕಿಕೊಂಡಿದ್ದರೆ? ಹಾಗಲ್ಲ. ಬೆಂಗಳೂರಿನ ಗವೀಪುರದ ಅವರ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಅವರು ಸಂಜೆ ನಡೆದು ಹೋಗುತ್ತಿದ್ದುದು ಆ ಭಾಗದ ಹಳಬರಿಗೆಲ್ಲ ಗೊತ್ತಿರುವ ವಿಚಾರ. ಮುಚ್ಚುಕೋಟು, ತಲೆಗೆ ಪೇಟ, ಹಣೆಯಲ್ಲಿ ನಾಮ, ಕೈಯಲ್ಲಿ ಕೊಡೆ. ಅಲ್ಲಿ ಅವರು ಮಾಡುತ್ತಿದ್ದುದು ಸಾಹಿತ್ಯ ಚರ್ಚೆಯಲ್ಲ, ಇಸ್ಪೀಟು. ಗೆಳೆಯರೊಡನೆ ಕುಳಿತು ಎಲೆ ಹಾಕಿ, ಹೊತ್ತಾದ ಮೇಲೆ ಎದ್ದು ಮನೆಗೆ. ಇದನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಸಂಪಾದಕರು ಹುಬ್ಬೇರಿಸಿಯಾರು. ಬರೆಯಲೇಬೇಕು. ಮಹನೀಯರ ಚರಿತ್ರೆಗಳನ್ನು ನಾವು ಮಕ್ಕಳಿಗೆ ಹೇಳುವಾಗ ಅವರು ನಿದ್ರಿಸಲಿಲ್ಲ, ಆಡಲಿಲ್ಲ, ದುಡಿದೇ ದುಡಿದರು ಎಂದು ಹೇಳುತ್ತೇವೆ. ಮಾಸ್ತಿಯವರು ಆಡಿದರು. ಯಾವ ಲಾಭವೂ ಇಲ್ಲದ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಒಂದೆರಡು ಗಂಟೆಯನ್ನು ಅವರು ಕಚೇರಿಗೂ ಕೊಡಲಿಲ್ಲ, ಕನ್ನಡಕ್ಕೂ ಕೊಡಲಿಲ್ಲ. ಅವರ ಗದ್ಯದಲ್ಲಿ ಏದುಸಿರು ಕೇಳಿಸದಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ.

ಈ ಲೆಕ್ಕದಲ್ಲಿ ಒಂದು ಬಾಬ್ತನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಪತ್ನಿ ಪಂಕಜಮ್ಮನವರು. ಆರು ಮಂದಿ ಹೆಣ್ಣುಮಕ್ಕಳು. ವರ್ಗಾವಣೆಯ ಮೇಲೆ ವರ್ಗಾವಣೆ. ಅಂಥ ಮನೆಯಲ್ಲಿ ಗಂಡಸಿಗೆ ಬರೆಯಲು ಒಂದು ಗಂಟೆ, ಕ್ಲಬ್ಬಿಗೆ ಒಂದು ಗಂಟೆ ಸಿಕ್ಕಬೇಕಾದರೆ ಆ ಗಂಟೆ ಎಲ್ಲಿಂದಲೋ ಬರಬೇಕು. ಆ ಕಾಲದ ಮನೆಗಳಲ್ಲಿ ಅದು ಅಡಿಗೆಮನೆಯಿಂದ ಬರುತ್ತಿತ್ತು. ಇದು ಮಾಸ್ತಿಯವರೊಬ್ಬರ ಮೇಲಿನ ಆಕ್ಷೇಪವಲ್ಲ; ಆ ತಲೆಮಾರಿನ ಎಲ್ಲ ದೊಡ್ಡವರ ಬಿಡುವಿನ ಹಿಂದೆ ಇಂಥ ಒಂದು ಬಿಡುವಿಲ್ಲದ ಜೀವ ಇತ್ತು. ಈ ಶಾಲೆಯಲ್ಲಿ ಇಂದು ಓದುತ್ತಿರುವ ಹೆಣ್ಣುಮಕ್ಕಳು ನಾಳೆ ಕಚೇರಿಗೂ ಹೋಗುವವರು. ಅವರ ಬಿಡುವು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಮಾಸ್ತಿಯವರ ಬದುಕಿನಲ್ಲಿ ಉತ್ತರ ಸಿಕ್ಕುವುದಿಲ್ಲ.

ನನ್ನ ಜೊತೆ ಕೆಲಸ ಮಾಡಿದ ಒಬ್ಬ ಗುಮಾಸ್ತರು ಒಳ್ಳೆಯ ಗಮಕಿ. ಕುಮಾರವ್ಯಾಸ ಭಾರತವನ್ನು ಓದಲು ಕುಳಿತರೆ ಕೇರಿ ಸ್ತಬ್ಧವಾಗುತ್ತಿತ್ತು. ಬಡ್ತಿ ಬಂದ ಮೇಲೆ ಓದು ನಿಂತಿತು. ನಿವೃತ್ತಿಯಾದ ಮೇಲೆ ಇದ್ದೇ ಇದೆಯಲ್ಲ ಎನ್ನುತ್ತಿದ್ದರು. ನಿವೃತ್ತಿಯೂ ಆಯಿತು. ಅಷ್ಟರಲ್ಲಿ ಗಂಟಲು ಹೋಗಿತ್ತು. ಬಿಳ್ಕೊಡುಗೆಯ ದಿನ ಶಾಲು ಹೊದಿಸಿ, ಒಂದು ಸಂಧಿ ಓದಿ ಎಂದು ನಾವೆಲ್ಲ ಬಲವಂತ ಮಾಡಿದಾಗ ಅವರು ಪುಸ್ತಕ ತೆರೆದು, ಎರಡು ಸಾಲು ಎತ್ತಿ, ಮುಚ್ಚಿ ಕುಳಿತುಬಿಟ್ಟರು. ಮಾಸ್ತಿಯವರ ಪುಸ್ತಕಗಳ ಮೇಲಿನ ಇಸವಿಗಳನ್ನು ನೋಡುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಮಾಸ್ತಿಯವರು ತಮ್ಮ ಕಥೆಗಳನ್ನು ನಿವೃತ್ತಿಗೆಂದು ಎತ್ತಿಡಲಿಲ್ಲ.

ಹಾಗೆ ಎತ್ತಿಡದೆ ಇದ್ದುದರ ಫಲ 1943ರಲ್ಲಿ ಕಾಣಿಸಿತು. ಮಂತ್ರಿಪದಕ್ಕೆ ಸಮನಾದ ಒಂದು ಹುದ್ದೆ ತಮಗೆ ಬರಬೇಕಾದುದೆಂದು ಅವರು ಭಾವಿಸಿದ್ದರು. ಅದು ಅವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ರಾಜಸೇವಾಸಕ್ತ ಎಂಬ ಬಿರುದು ಪಡೆದಿದ್ದ ಅಧಿಕಾರಿ ರಾಜೀನಾಮೆ ಕೊಟ್ಟು ಹೊರಬಂದರು. ಆಗ ವಯಸ್ಸು ಐವತ್ತೆರಡು. ಹುದ್ದೆಯೊಂದೇ ಬದುಕಾಗಿದ್ದವರಿಗೆ ಇಂಥ ಏಟು ಬಿದ್ದರೆ ಏನಾಗುತ್ತದೆಂದು ಕಚೇರಿಗಳಲ್ಲಿ ಇದ್ದವರೆಲ್ಲ ಕಂಡಿದ್ದೇವೆ. ಉಳಿದ ದಿನಗಳೆಲ್ಲ ಆ ಕಹಿಯ ಪಾರಾಯಣ. ಮಾಸ್ತಿಯವರಿಗೆ ಹೊರಗೆ ಬಂದು ನಿಲ್ಲಲು ಮೂವತ್ತು ವರ್ಷದಿಂದ ತಾವೇ ಕಟ್ಟಿಕೊಂಡು ಬಂದಿದ್ದ ಇನ್ನೊಂದು ಮನೆ ಇತ್ತು. ಮರುವರ್ಷವೇ ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. 1965ರವರೆಗೆ ಅದನ್ನು ನಡೆಸಿದರು. ಜೀವನ ಕಾರ್ಯಾಲಯದಿಂದ ತಮ್ಮ ಪುಸ್ತಕಗಳನ್ನು ತಾವೇ ಅಚ್ಚುಹಾಕಿಸಿದರು, ತಾವೇ ಮಾರಿದರು.

ದೊಡ್ಡ ಕಾದಂಬರಿಗಳು ಬಂದದ್ದು ಈ ಕಾಲದಲ್ಲಿ. ‘ಚೆನ್ನಬಸವನಾಯಕ’ ಬಿದನೂರು ಸಂಸ್ಥಾನ ಮುರಿದುಬಿದ್ದ ಕಥೆ. 1956ರ ‘ಚಿಕವೀರರಾಜೇಂದ್ರ’ 1834ರಲ್ಲಿ ಕೊಡಗಿನ ಕೊನೆಯ ಅರಸ ಪಟ್ಟ ಕಳೆದುಕೊಂಡ ಕಥೆ. ಈ ಎರಡನೆಯದನ್ನು ನಾನು ಕಂದಾಯ ಇಲಾಖೆಯವನ ಕಣ್ಣಿನಿಂದಲೇ ಓದಿದ್ದೇನೆ. ಅಲ್ಲಿಯ ಅರಮನೆಯಲ್ಲಿ ದೊರೆಯ ಖಾಸಗಿ ಆಸೆ ಯಾವುದು, ರಾಜ್ಯದ ಕೆಲಸ ಯಾವುದು ಎಂಬ ಗೆರೆಯೇ ಅಳಿಸಿಹೋಗಿದೆ. ಅರಸನ ಭೋಗಕ್ಕೆ ಬೆಂಬಲವಾದ ಕುಂಟ ಬಸವ ಮಂತ್ರಿಯಾಗಿ ಕೂರುತ್ತಾನೆ. ರಾಜ್ಯದ ಹಿತ ನೋಡುವ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಕೈ ಹಿಸುಕಿಕೊಳ್ಳುತ್ತಾರೆ. ಮನೆಯನ್ನೂ ನಾಡನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಲು ರಾಣಿ ಗೌರಮ್ಮ ಹೆಣಗುತ್ತಾಳೆ. ಎರಡು ಮೇಜಿನ ನಡುವಿನ ಗೆರೆಯನ್ನು ಜೀವನವಿಡೀ ಕಾಯ್ದವರು ಮಾತ್ರ ಆ ಗೆರೆ ಅಳಿಸಿದ ಅರಮನೆಯನ್ನು ಅಷ್ಟು ವಿವರವಾಗಿ, ಅಷ್ಟು ಸಿಟ್ಟಿಲ್ಲದೆ ಬರೆಯಬಲ್ಲರು. 1968ರಲ್ಲಿ ಸಣ್ಣಕಥೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1983ರಲ್ಲಿ ಜ್ಞಾನಪೀಠ. ನಡುವೆ ಎಂಬತ್ತು ದಾಟಿದ ಮೇಲೆ ‘ಶ್ರೀರಾಮ ಪಟ್ಟಾಭಿಷೇಕ’ ಎಂಬ ಮಹಾಕಾವ್ಯ. ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತೆರಡು.

1986ರ ಜೂನ್ 6ರಂದು, ತೊಂಬತ್ತೈದು ತುಂಬಿದ ಹುಟ್ಟುಹಬ್ಬದ ದಿನವೇ, ಮಾಸ್ತಿಯವರು ತೀರಿಕೊಂಡರು. ತಮ್ಮ ಬಾಳನ್ನು ಅವರೇ ‘ಭಾವ’ ಎಂಬ ಹೆಸರಿನಲ್ಲಿ ಮೂರು ಸಂಪುಟಗಳಾಗಿ ಬರೆದಿಟ್ಟಿದ್ದಾರೆ. ಕಚೇರಿ ಯಾವುದು, ಮನೆ ಯಾವುದು, ಕನ್ನಡದ ಕೆಲಸ ಯಾವುದು ಎಂದು ಆಸಕ್ತರು ಅದರಲ್ಲಿ ತಾವೇ ಹುಡುಕಿಕೊಳ್ಳಬಹುದು. ನಾನು ಓದಿದ ಪ್ರತಿಯ ರಟ್ಟು ಕಿತ್ತುಹೋಗಿತ್ತು, ಹೊಸದಾಗಿ ಕಟ್ಟಿಸಿದ್ದೇನೆ. ಈ ಸಂಚಿಕೆ ಬಿಡುಗಡೆಯಾಗುವ ದಿನ ಮೂರು ಸಂಪುಟಗಳನ್ನೂ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸುತ್ತೇನೆ.