ಅಲಿಕ್ ಐಸಾಕ್ಸ್ ಮತ್ತು ಕೋಶದ ಎಚ್ಚರಿಕೆ

ಒಂದು ವೈರಸ್ ಹೊಕ್ಕ ಜೀವಕೋಶದಲ್ಲಿ ಇನ್ನೊಂದು ವೈರಸ್ ಸುಲಭವಾಗಿ ಬೆಳೆಯದು. ಈ ಸಂಗತಿ ಬಹಳ ಹಿಂದೆಯೇ ತಿಳಿದಿದ್ದರೂ ಕಾರಣ ತಿಳಿದಿರಲಿಲ್ಲ. ಆ ಕಾರಣದ ಬೆನ್ನು ಹತ್ತಿದವರು ಅಲಿಕ್ ಐಸಾಕ್ಸ್. 1921ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಹುಟ್ಟಿದ ಅವರು ಅಲ್ಲಿಯೇ ವೈದ್ಯಶಾಸ್ತ್ರ ಓದಿ, ಮೆಲ್ಬರ್ನಿನಲ್ಲಿ ಬರ್ನೆಟ್ ಅವರ ಬಳಿ ಕೆಲಸ ಮಾಡಿ, ಲಂಡನ್ನಿನ ಮಿಲ್ ಹಿಲ್ ಸಂಶೋಧನಾ ಸಂಸ್ಥೆಯಲ್ಲಿ ನೆಲೆನಿಂತರು.

1957ರಲ್ಲಿ ಅವರೂ ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ನರೂ ಮಾಡಿದ ಪ್ರಯೋಗ ಸರಳವಾದದ್ದು. ಶಾಖದಿಂದ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸನ್ನು ಕೋಳಿಮೊಟ್ಟೆಯ ಭ್ರೂಣಪೊರೆಯ ತುಂಡುಗಳೊಡನೆ ದ್ರವದಲ್ಲಿ ಇಟ್ಟರು. ಅನಂತರ ಪೊರೆಯನ್ನು ತೆಗೆದು, ಉಳಿದ ದ್ರವವನ್ನು ಹೊಸ ಪೊರೆಗೆ ಹಾಕಿದರು. ಆ ಹೊಸ ಪೊರೆಯಲ್ಲಿ ಜೀವಂತ ವೈರಸ್ ಸರಿಯಾಗಿ ಬೆಳೆಯಲಿಲ್ಲ. ಅಂದರೆ ಮೊದಲ ಪೊರೆಯ ಕೋಶಗಳು ಏನನ್ನೋ ಸ್ರವಿಸಿದ್ದವು. ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. (ಈ ಘಟಕಕ್ಕೆ ಪಾಠಯೋಜನೆ ಬರೆಯುವ ಪ್ರಶಿಕ್ಷಣಾರ್ಥಿಗಳು ಹೆಸರನ್ನು ಮೊದಲೇ ಹೇಳಿಬಿಡುತ್ತಾರೆ, ದ್ರವದಲ್ಲಿ ಏನಿರಬಹುದೆಂದು ಮಕ್ಕಳು ಊಹಿಸುವ ಅವಕಾಶ ಅಲ್ಲಿಗೆ ಮುಗಿಯುತ್ತದೆ.)

ವಸ್ತು ಅತ್ಯಲ್ಪ ಪ್ರಮಾಣದಲ್ಲಿತ್ತು, ಶುದ್ಧೀಕರಿಸುವುದು ಕಷ್ಟವಾಗಿತ್ತು. ಅನುಮಾನಿಸಿದವರು ಹೆಸರನ್ನೇ ತಿರುಚಿ ಗೇಲಿ ಮಾಡಿದರು. ಅದೇ ವರ್ಷಗಳಲ್ಲಿ ಐಸಾಕ್ಸ್ ಖಿನ್ನತೆಯಿಂದಲೂ ಬಳಲಿದರು. ಆದರೂ ಅವರು ಬಿಡದೆ ಹಿಡಿದ ಪ್ರಶ್ನೆ ಇನ್ನೂ ಆಳದ್ದು: ವೈರಸ್ ಒಳಬಂದಿತೆಂದು ಕೋಶಕ್ಕೆ ತಿಳಿಯುವುದಾದರೂ ಹೇಗೆ? 1963ರಲ್ಲಿ ಸಹೋದ್ಯೋಗಿಗಳೊಡನೆ ಅವರು ಮಂಡಿಸಿದ ಉತ್ತರ, ಕೋಶವು ಪರಕೀಯ ನ್ಯೂಕ್ಲಿಕ್ ಆಮ್ಲವನ್ನು ಗುರುತಿಸುತ್ತದೆ ಎಂಬುದು. 1967ರ ಜನವರಿಯಲ್ಲಿ, 45ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಎರಡೆಳೆಯ ಆರ್‌ಎನ್‌ಎ ಇಂಟರ್‌ಫೆರಾನನ್ನು ಬಲವಾಗಿ ಪ್ರಚೋದಿಸುತ್ತದೆಂದು ಅಮೆರಿಕದಲ್ಲಿ ತೋರಿಸಿದ್ದು ಅದೇ ವರ್ಷ.

ಡಿಎನ್‌ಎಯ ವಿಷಯ ಇತ್ಯರ್ಥವಾಗಲು ಮತ್ತೂ ನಾಲ್ಕು ದಶಕಗಳು ಬೇಕಾದವು. ವೈರಸ್ಸಿನ ಡಿಎನ್‌ಎಯೂ ನಮ್ಮದೂ ರಚನೆಯಲ್ಲಿ ಒಂದೇ ಬಗೆಯವು. ಹಾಗಾದರೆ ಪರಕೀಯವೆಂಬ ಗುರುತು ಎಲ್ಲಿದೆ? 2013ರಲ್ಲಿ ಝಿಜಿಯಾನ್ ಚೆನ್ ಅವರ ತಂಡ ಪ್ರಕಟಿಸಿದ ಸಿಗ್ಯಾಸ್ ಎಂಬ ಕಿಣ್ವದಲ್ಲಿ ಉತ್ತರ ದೊರೆಯಿತು. ನಮ್ಮ ಡಿಎನ್‌ಎ ಬಹುಪಾಲು ಕೋಶಕೇಂದ್ರದಲ್ಲಿ, ಸ್ವಲ್ಪ ಮೈಟೊಕಾಂಡ್ರಿಯಾದಲ್ಲಿ ಇರುತ್ತದೆ. ಕೋಶದ್ರವ್ಯದಲ್ಲಿ ಬಿಡಿಯಾಗಿ ಇರಬಾರದು. ಅಲ್ಲಿ ಡಿಎನ್‌ಎ ಸಿಕ್ಕಿದರೆ ಸಿಗ್ಯಾಸ್ ಅದಕ್ಕೆ ಅಂಟಿಕೊಂಡು, ಎಟಿಪಿ ಮತ್ತು ಜಿಟಿಪಿಗಳಿಂದ ಒಂದು ಪುಟ್ಟ ಸಂದೇಶವಾಹಕ ಅಣುವನ್ನು ತಯಾರಿಸುತ್ತದೆ. ಆ ಅಣು ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಸುದ್ದಿ ಕೋಶಕೇಂದ್ರಕ್ಕೆ ಮುಟ್ಟಿ ಇಂಟರ್‌ಫೆರಾನ್ ಜೀನು ಚಾಲೂ ಆಗುತ್ತದೆ.

ಐಸಾಕ್ಸ್ ಪರಕೀಯತೆಯನ್ನು ಆಮ್ಲದಲ್ಲಿಯೇ ಹುಡುಕಿದ್ದರು. ಡಿಎನ್‌ಎಯ ಮಟ್ಟಿಗೆ ಅದು ಮುಖ್ಯವಾಗಿ ಇರುವ ಜಾಗದಲ್ಲಿತ್ತು. ಸ್ವಂತ ಡಿಎನ್‌ಎಯೇ ಕೋಶದ್ರವ್ಯದಲ್ಲಿ ಶೇಖರವಾದರೂ ಸಿಗ್ಯಾಸ್ ಅದೇ ಎಚ್ಚರಿಕೆ ಕೊಡುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದ ಬರುವ ಐಕಾರ್ಡಿ-ಗೂಟಿಯೇರ್ ರೋಗದಲ್ಲಿ ವೈರಸ್ಸಿಲ್ಲದೆಯೂ ಇಂಟರ್‌ಫೆರಾನ್ ಏರಿರುವುದಕ್ಕೆ ಇದೊಂದು ಕಾರಣ.